ಸ್ಟಾರ್ ಹೋಟೆಲಿಗೆ ಮನೆಮಂದಿಯೆಲ್ಲ ಊಟಕ್ಕೆ: ಟೇಬಲ್ ಬುಕ್ ಮಾಡುವುದರಿಂದ ಬಿಲ್ ಓದುವವರೆಗೆ

ಮೈಸೂರಿನವರಿಗೆ ಹೋಟೆಲ್ ಊಟ ಹೊಸದಲ್ಲ. ಮೈಲಾರಿ ದೋಸೆ ಹೇಗೆ ತಿನ್ನಬೇಕು, ಹನುಮಂತು ಪಲಾವ್‌ಗೆ ಎಷ್ಟು ಹೊತ್ತಿಗೆ ಹೋಗಬೇಕು ಅಂತ ಯಾರೂ ನಮಗೆ ಹೇಳಿಕೊಡಬೇಕಿಲ್ಲ. ಮಂಡ್ಯದವರಿಗೆ ಮುದ್ದೆ ಊಟದ ವಿಷಯದಲ್ಲಿ ಪಾಠ ಮಾಡುವ ಧೈರ್ಯ ಯಾರಿಗಿದೆ? ಆದರೆ ಮಗಳಿಗೆ ಕೆಲಸ ಸಿಕ್ಕಿತು, ಅಪ್ಪ ರಿಟೈರ್ ಆದರು, ಭಾವ ಅಮೆರಿಕಾದಿಂದ ಬಂದರು ಅಂತ ಎಲ್ಲರೂ ಸೇರಿ ದೊಡ್ಡ ರೆಸ್ಟೋರೆಂಟಿಗೆ ಹೊರಟರೆ ಒಂದು ಅಳುಕು ಶುರುವಾಗುತ್ತದೆ. ಯಾವ ಬಟ್ಟೆ? ಕೈಯಲ್ಲಿ ತಿನ್ನಬಹುದಾ? ರೇಟು ಕೇಳಿದರೆ ಏನಂದುಕೊಳ್ತಾರೋ?

ಈ ಅಳುಕಿಗೇ ದುಡ್ಡು ಜಾಸ್ತಿ ಹೋಗುವುದು. ಕೇಳಬೇಕಾದ್ದನ್ನು ಕೇಳದೆ ತಲೆಯಾಡಿಸುತ್ತೇವೆ. ಆಮೇಲೆ ಬಿಲ್ ಬಂದಾಗ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಆದ್ದರಿಂದ ಈ ಬರಹದಲ್ಲಿ ಯಾವ ಹೊತ್ತಿನಲ್ಲಿ ಏನು ಕೇಳಬೇಕು ಅನ್ನುವುದೇ ಮುಖ್ಯ. ಫೋರ್ಕು ಯಾವ ಕೈಯಲ್ಲಿ ಅನ್ನುವುದು ಆಮೇಲಿನ ಮಾತು.

ಮೊದಲು, ಎಲ್ಲಿಗೆ ಹೋಗುವುದು

ಮೈಸೂರಿನಲ್ಲಿ ಇಂಥ ಜಾಗಗಳು ಹೆಚ್ಚುಕಮ್ಮಿ ಮೂರು ಥರ.

ಒಂದು, ಹಳೇ ಅರಮನೆ ಕಾಲದ ಕಟ್ಟಡಗಳು. ಲಲಿತಮಹಲ್‌ಗೆ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1921ರಲ್ಲಿ ಅಡಿಗಲ್ಲು ಬಿತ್ತು. ವೈಸ್‌ರಾಯ್ ಬಂದಾಗ ಉಳಿದುಕೊಳ್ಳಲಿ ಅಂತ ಕಟ್ಟಿಸಿದ್ದು, 1974ರಲ್ಲಿ ಹೋಟೆಲ್ ಆಯಿತು. ರೈಲ್ವೆ ಸ್ಟೇಷನ್‌ಗೆ ಹತ್ತಿರದ ಮೆಟ್ರೋಪೋಲ್ 1920ರದ್ದು, ಅದೂ ಮಹಾರಾಜರು ಬ್ರಿಟಿಷ್ ಅತಿಥಿಗಳಿಗೆ ಅಂತ ಕಟ್ಟಿಸಿದ್ದೇ. ಇಂಥ ಕಡೆ ನೀವು ಕೊಡುವ ದುಡ್ಡಿನಲ್ಲಿ ಅರ್ಧ ಆ ಕಂಬಗಳಿಗೆ, ಆ ಎತ್ತರದ ಛಾವಣಿಗೆ. ಅಜ್ಜಿ ತಾತನನ್ನು ಕರೆದುಕೊಂಡು ಹೋಗುವುದಾದರೆ ನನ್ನ ಓಟು ಇವುಗಳಿಗೇ. ಅವರಿಗೆ ಊಟಕ್ಕಿಂತ ಆ ಜಾಗ ನೋಡಿದ್ದೇ ಖುಷಿ. ಹಳೇ ಕಟ್ಟಡಗಳಲ್ಲಿ ರಿಪೇರಿ, ನವೀಕರಣ ಅಂತ ಒಂದೊಂದು ಭಾಗ ಆಗಾಗ ಮುಚ್ಚಿರುತ್ತಾರೆ. ಫೋನ್ ಮಾಡದೆ ಹೊರಡಬೇಡಿ.

ಎರಡನೆಯದು ಈಚಿನ ಸ್ಟಾರ್ ಹೋಟೆಲುಗಳು. ಎಂ.ಜಿ. ರಸ್ತೆಯಲ್ಲಿ ಮಾಲ್ ಪಕ್ಕದ ರ‍್ಯಾಡಿಸನ್ ಬ್ಲೂ, ನ್ಯೂ ಸಯ್ಯಾಜಿರಾವ್ ರಸ್ತೆಯ ಗ್ರ್ಯಾಂಡ್ ಮರ್ಕ್ಯೂರ್, ವಿನೋಬಾ ರಸ್ತೆಯ ಸದರ್ನ್ ಸ್ಟಾರ್, ಹೀಗೆ. ಪಾರ್ಕಿಂಗ್, ಲಿಫ್ಟು, ಎ.ಸಿ. ಎಲ್ಲ ಸಲೀಸು. ಬಫೆಯೂ ಹೆಚ್ಚಾಗಿ ಇಂಥ ಕಡೆಯೇ. ಮೂರನೆಯದು, ಹೋಟೆಲ್ ರೂಮಿನ ಗೊಡವೆ ಇಲ್ಲದ, ಬರೀ ಊಟಕ್ಕೆ ಅಂತ ಇರುವ ರೆಸ್ಟೋರೆಂಟುಗಳು. ಇವುಗಳಲ್ಲಿ ಟ್ಯಾಕ್ಸ್ ಕಮ್ಮಿ ಬೀಳುತ್ತದೆ. ಯಾಕೆ ಅಂತ ಬಿಲ್ಲಿನ ಭಾಗದಲ್ಲಿ ಹೇಳುತ್ತೇನೆ.

ಬಫೆಯೋ, ಮೆನು ನೋಡಿ ಆರ್ಡರ್ ಮಾಡುವುದೋ? ಮಕ್ಕಳು, ಹದಿಹರೆಯದ ಹುಡುಗರು ಜಾಸ್ತಿ ಇದ್ದರೆ ಬಫೆ ಗಿಟ್ಟುತ್ತದೆ. ವಯಸ್ಸಾದವರೇ ಜಾಸ್ತಿ ಇದ್ದರೆ ಗಿಟ್ಟಲ್ಲ. ಅತ್ತೆ ಒಂದು ಚಪಾತಿ, ಒಂದು ಸೌಟು ಮೊಸರನ್ನ ತಿಂದು ಕೈ ತೊಳೆಯುತ್ತಾರೆ, ತಲೆಗೆ ಇಷ್ಟು ಅಂತ ಪೂರ್ತಿ ದುಡ್ಡು ಹೋಗುತ್ತದೆ.

ಮೆನುವಿನ ಫೋಟೋ ಆನ್‌ಲೈನ್‌ನಲ್ಲಿ ಸಿಗುತ್ತದೆ, ಹಿಂದಿನ ದಿನವೇ ನೋಡಿ. ಮನೆಯ ಸೋಫಾ ಮೇಲೆ ರೇಟು ನೋಡಿ ಬೆಚ್ಚಿಬೀಳುವುದು ಅಲ್ಲಿ ಕೂತು ಬೆಚ್ಚಿಬೀಳುವುದಕ್ಕಿಂತ ವಾಸಿ. ಆದರೆ ಆ ಫೋಟೋ ಹಳೆಯದಿರಬಹುದು. ಅದರಲ್ಲಿ ಕಂಡ ರೇಟನ್ನೇ ನಂಬಿ ಬಜೆಟ್ ಹಾಕಬೇಡಿ.

ಫೋನ್ ಮಾಡಿ ಟೇಬಲ್ ಹೇಳುವುದು

ಆ್ಯಪ್‌ನಲ್ಲಿ ಬುಕ್ ಮಾಡಬಹುದು. ಆದರೆ ಆರು ಜನಕ್ಕಿಂತ ಜಾಸ್ತಿ ಇದ್ದರೆ ಫೋನೇ ಮಾಡಿ. ಎಷ್ಟು ಜನ, ಎಷ್ಟು ಗಂಟೆ ಅನ್ನುವುದರ ಜೊತೆಗೆ ಇಷ್ಟನ್ನೂ ಕೇಳಿಬಿಡಿ: ಮೆಟ್ಟಿಲು ಹತ್ತಬೇಕಾ, ರ‍್ಯಾಂಪ್ ಇದೆಯಾ? ಮಗುವಿಗೆ ಎತ್ತರದ ಕುರ್ಚಿ ಸಿಗುತ್ತಾ? ನಾವೇ ಕೇಕ್ ತಂದರೆ ಚಾರ್ಜ್ ಇದೆಯಾ? ಹಾಡು, ಡಿಜೆ ಏನಾದರೂ ಇರುತ್ತಾ? ಈ ಕೊನೆಯದನ್ನು ತುಂಬಾ ಜನ ಮರೆಯುತ್ತಾರೆ. ಶನಿವಾರ ರಾತ್ರಿ ಗಾಯಕರ ಪಕ್ಕದ ಟೇಬಲ್ ಸಿಕ್ಕಿದರೆ ಕಿವಿ ಸ್ವಲ್ಪ ಮಂದ ಇರುವ ತಾತ ಇಡೀ ಸಂಜೆ ಸುಮ್ನೆ ಕೂತಿರುತ್ತಾರೆ.

ಹೊತ್ತಿನ ವಿಷಯ. ನಮ್ಮ ಮನೆಗಳಲ್ಲಿ ಎಂಟಕ್ಕೆ ಊಟ. ಇಂಥ ಕಡೆ ರಾತ್ರಿ ಅಡುಗೆಮನೆ ಶುರುವಾಗುವುದೇ ಏಳು, ಏಳೂವರೆಗೆ. ಆ ಮೊದಲ ಅರ್ಧ ಗಂಟೆಯಲ್ಲಿ ಹೋಗಿಬಿಟ್ಟರೆ ಗದ್ದಲ ಇರಲ್ಲ, ಬಡಿಸುವವರ ಮುಖ್ಯಸ್ಥ ಕ್ಯಾಪ್ಟನ್‌ಗೂ ನಿಮ್ಮ ಹತ್ತಿರ ನಿಂತು ಮಾತಾಡಲು ಪುರುಸೊತ್ತು ಇರುತ್ತದೆ. ಭಾನುವಾರ ಮಾತ್ರ ಸ್ವಲ್ಪ ಯೋಚಿಸಿ. ಸಂಜೆ ಅರಮನೆ ದೀಪ ನೋಡಿದ ಜನ ಎಂಟರ ಹೊತ್ತಿಗೆ ಒಟ್ಟಿಗೆ ಹೊರಬಂದು ಊಟಕ್ಕೆ ನುಗ್ಗುತ್ತಾರೆ. ದಸರಾ ದಿನಗಳಲ್ಲಂತೂ ಅರಮನೆ ಸುತ್ತಮುತ್ತ ಒನ್‌ವೇ, ಬ್ಯಾರಿಕೇಡ್. ಊರಿನವರೇ ದಾರಿ ತಪ್ಪುತ್ತಾರೆ. ಆ ಹತ್ತು ದಿನ ಮನೆಯಲ್ಲೇ ಹಬ್ಬದೂಟ ಮಾಡಿ, ಮುಂದಿನ ವಾರ ಹೋಗಿ.

ಏನು ಹಾಕಿಕೊಳ್ಳುವುದು

ಇಸ್ತ್ರಿ ಮಾಡಿದ ಶರ್ಟು, ಸೀರೆ, ಚೂಡಿದಾರ್, ಸಾಕು. ಬರ್ಮುಡಾ, ಬಾತ್‌ರೂಮ್ ಚಪ್ಪಲಿ ಬೇಡ. ಬಿಳಿ ಪಂಚೆ, ಶರ್ಟು ಮರ್ಯಾದಸ್ಥ ಉಡುಪು, ಅಪ್ಪನಿಗೆ ಬಲವಂತವಾಗಿ ಪ್ಯಾಂಟ್ ಹಾಕಿಸಬೇಡಿ. 2024ರಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಪಂಚೆ ಉಟ್ಟಿದ್ದ ರೈತರೊಬ್ಬರನ್ನು ಒಳಗೆ ಬಿಡಲಿಲ್ಲ ಅಂತ ದೊಡ್ಡ ಗಲಾಟೆಯಾಗಿ, ಸರ್ಕಾರ ಆ ಮಾಲನ್ನೇ ಏಳು ದಿನ ಮುಚ್ಚುವಂತೆ ಹೇಳಿತ್ತು. ಆಮೇಲೆ ಎಲ್ಲರೂ ಹುಷಾರಾಗಿದ್ದಾರೆ. ಸದಸ್ಯರಿಗೆ ಮಾತ್ರ ಅನ್ನುವ ಕ್ಲಬ್ಬುಗಳ ನಿಯಮ ಬೇರೆ, ಅಲ್ಲಿಗೆ ಕರೆದವರನ್ನೇ ಕೇಳಿ.

ಕೂತ ಕೂಡಲೇ: ನೀರು

ಕುರ್ಚಿ ಎಳೆದು ಕೂರಿಸುತ್ತಾರೆ, ನ್ಯಾಪ್‌ಕಿನ್ ಬಿಡಿಸಿ ತೊಡೆಯ ಮೇಲೆ ಹಾಕುತ್ತಾರೆ. ಹಾಕಲಿ ಬಿಡಿ. ಆಮೇಲೆ ಒಬ್ಬರು ಬಗ್ಗಿ ಮೆಲ್ಲಗೆ ಕೇಳುತ್ತಾರೆ: ‘ಸ್ಟಿಲ್ ಆರ್ ಸ್ಪಾರ್ಕ್ಲಿಂಗ್, ಸಾರ್?’

ನಿಮ್ಮ ದುಡ್ಡಿಗೆ ಬರುವ ಮೊದಲ ಪ್ರಶ್ನೆ ಇದೇ. ಎರಡೂ ಬಾಟಲಿ ನೀರೇ. ಒಂದು ಮಾಮೂಲಿ, ಇನ್ನೊಂದು ಸೋಡಾದ ಥರ. ಎರಡಕ್ಕೂ ಬಿಲ್ ಬರುತ್ತದೆ. ನಾಲ್ಕು ಜನ ಗುಟುಕು ಗುಟುಕು ಕುಡಿದು ಐದಾರು ಬಾಟಲಿ ಖಾಲಿ ಮಾಡುವುದು ಗೊತ್ತೇ ಆಗಲ್ಲ. ಖಾಲಿಯಾಗುತ್ತಿದ್ದಂತೆ ಕೇಳದೇ ಇನ್ನೊಂದು ತೆರೆಯುವ ಕಡೆಯೂ ಉಂಟು. ‘ರೆಗ್ಯುಲರ್ ವಾಟರ್ ಕೊಡಿ, ಫಿಲ್ಟರ್‌ದು’ ಅನ್ನಿ. ಇದರಲ್ಲಿ ಯಾವ ಸಂಕೋಚವೂ ಬೇಡ. ಬಾಟಲಿ ಮೇಲೆ 20 ರೂಪಾಯಿ ಅಂತ ಅಚ್ಚಾಗಿದೆ, ಬಿಲ್ಲಿನಲ್ಲಿ ಅದರ ಮೂರು ಪಟ್ಟು ಹಾಕಿದ್ದಾರೆ ಅಂತ ಜಗಳ ತೆಗೆದರೆ ಗೆಲ್ಲುವುದು ಕಷ್ಟ. ಹೋಟೆಲಿನವರು ಕೂರಿಸಿ, ಬಡಿಸಿ ಸೇವೆ ಕೊಡುತ್ತಾರೆ, ಆದ್ದರಿಂದ ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಳ್ಳಬಹುದು ಅಂತ 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಹಪ್ಪಳ, ಪುದೀನ ಚಟ್ನಿ, ವಿನೆಗರ್‌ನಲ್ಲಿ ನೆನೆಸಿದ ಸಣ್ಣ ಈರುಳ್ಳಿ ತಾವಾಗೇ ಬರುತ್ತವೆ. ಹೆಚ್ಚಾಗಿ ಅದು ಪುಕ್ಕಟೆ. ಎರಡನೇ ಸಲ ಹಪ್ಪಳ ಕೇಳುವಾಗ ‘ಇದಕ್ಕೆ ಚಾರ್ಜ್ ಇದೆಯಾ?’ ಅಂತ ಒಂದು ಮಾತು ಕೇಳಿಬಿಡಿ.

ಭಾಷೆ? ಕನ್ನಡದಲ್ಲೇ ಶುರುಮಾಡಿ. ಬಡಿಸುವ ಹುಡುಗರಲ್ಲಿ ಉತ್ತರದ ಕಡೆಯವರು, ಈಶಾನ್ಯದವರು ಜಾಸ್ತಿ ಇರಬಹುದು, ಆದರೆ ಕನ್ನಡ ಬರುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರನ್ನು ಕಳಿಸುತ್ತಾರೆ. ಎಷ್ಟೋ ಸಲ ಅವರು ಮಳವಳ್ಳಿಯವರೋ ಹುಣಸೂರಿನವರೋ ಆಗಿರುತ್ತಾರೆ. ‘ಅಣ್ಣ, ಇವತ್ತು ಇದು ಬೇಡ, ಅದು ತಗೊಳ್ಳಿ’ ಅನ್ನುವ ಸಲಹೆ ಅವರಿಂದಲೇ ಬರುವುದು.

ಮೆನು ಓದುವುದು: ಇಲ್ಲಿ ಆತುರ ಬೇಡ

ಪುಸ್ತಕದಷ್ಟು ದಪ್ಪ ಮೆನು ಕೈಗೆ ಬರುತ್ತದೆ. ಹೆದರಬೇಡಿ. ಉತ್ತರದ ಅಡುಗೆಯ ಮೆನುವಿನಲ್ಲಿ ನೂರು ಹೆಸರಿದ್ದರೂ ಗ್ರೇವಿಯ ಬುಡ ಮೂರೋ ನಾಲ್ಕೋ ಮಾತ್ರ. ಟೊಮೆಟೊ, ಬೆಣ್ಣೆ, ಕೆನೆಯ ಕೆಂಪು ಗ್ರೇವಿ: ಬಟರ್ ಚಿಕನ್, ಪನೀರ್ ಮಖನಿ, ಲಬಾಬ್ದಾರ್ ಎಲ್ಲ ಇದೇ ಬಳಗ. ಗೋಡಂಬಿ, ಮೊಸರಿನ ಬಿಳಿ ಗ್ರೇವಿ: ಕೊರ್ಮಾ, ಮಲಾಯಿ ಕೋಫ್ತಾ. ಹುರಿದ ಈರುಳ್ಳಿ, ಟೊಮೆಟೊದ ಕಂದು ಗ್ರೇವಿ: ಕಡಾಯಿ, ದೋ ಪ್ಯಾಜಾ. ಮತ್ತೆ ಪಾಲಕ್‌ನ ಹಸಿರು.

ಇದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಟೇಬಲ್‌ಗೆ ಒಂದು ಬುಡದಿಂದ ಒಂದೇ ಐಟಂ. ಪನೀರ್ ಬಟರ್ ಮಸಾಲ, ಬಟರ್ ಚಿಕನ್, ದಾಲ್ ಮಖನಿ, ಮೂರನ್ನೂ ಒಟ್ಟಿಗೆ ಹೇಳಿದರೆ ಮೂರು ಬಟ್ಟಲಲ್ಲೂ ಅದೇ ಬೆಣ್ಣೆ, ಅದೇ ಕೆನೆ, ನಾಲ್ಕನೇ ತುತ್ತಿಗೇ ಸಾಕಾಗುತ್ತದೆ. ನಮ್ಮ ಕಡೆ ಮನೆಮಂದಿಯ ಟೇಬಲ್‌ಗಳಲ್ಲಿ ಇದೇ ನಡೆಯುವುದು, ಯಾಕೆಂದರೆ ಗೊತ್ತಿರುವ ಹೆಸರು ಇವೇ. ದಾಲ್ ಮಖನಿ ಬೇಕಾ? ಅದನ್ನು ಇಟ್ಟುಕೊಳ್ಳಿ, ಜೊತೆಗೆ ಒಂದು ಕಡಾಯಿ ತರಕಾರಿ ಹೇಳಿ, ಬೇಕಿದ್ದರೆ ಒಂದು ಒಣ ಪಲ್ಯ. ಭಿಂಡಿಯೋ ಆಲೂ ಗೋಬಿಯೋ.

ಅಂದಹಾಗೆ ಇಂಥ ಜಾಗ ಚೆನ್ನಾಗಿದೆಯಾ ಅಂತ ನೋಡಲು ನಾನು ದಾಲ್ ಮಖನಿಯನ್ನೇ ನೋಡುತ್ತೇನೆ. ಇಡೀ ಉದ್ದಿನ ಕಾಳನ್ನು ನೆನೆಸಿ, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ, ಕೆಲವು ಕಡೆ ಇಡೀ ರಾತ್ರಿ ಕುದಿಸಬೇಕು. ಚೆನ್ನಾಗಿ ಬೆಂದಿದ್ದರೆ ಚಮಚದಲ್ಲಿ ಎತ್ತಿದಾಗ ಕಾಳು ಕಾಳಾಗಿ ಕಾಣುತ್ತದೆ, ನಾಲಿಗೆಗೆ ತಾಕಿದರೆ ಸಿಪ್ಪೆಯೂ ಇಲ್ಲದ ಹಾಗೆ ಕರಗುತ್ತದೆ. ನೀರು ಬೇರೆ, ಕಾಳು ಬೇರೆ ನಿಂತಿದ್ದರೆ, ಮೇಲೆ ಮಾತ್ರ ಕೆನೆಯ ಸುರುಳಿ ಬಿಟ್ಟಿದ್ದರೆ ಅದು ಕುಕ್ಕರ್‌ನಲ್ಲಿ ಕೂಗಿಸಿ ತಂದದ್ದು. ಆಮೇಲೆ ಆ ಅಡುಗೆಮನೆಯಿಂದ ಜಾಸ್ತಿ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಖಾರದ ಮಾತು. ನಮ್ಮ ನಾಲಿಗೆಗೆ ಈ ಗ್ರೇವಿಗಳು ಸಿಹಿ ಅನಿಸುತ್ತವೆ. ‘ಸಿಹಿ ಇರುತ್ತಾ? ಖಾರ ಸ್ವಲ್ಪ ಮುಂದೆ ಇರಲಿ’ ಅಂತ ಆರ್ಡರ್ ಕೊಡುವಾಗಲೇ ಹೇಳಿ. ಆಮೇಲೆ ಹೇಳಿದರೆ ಮೇಲಿಂದ ಹಸಿಮೆಣಸಿನಕಾಯಿ ಉದುರಿಸಿ ತರುತ್ತಾರೆ, ಅದು ಬೇರೆಯೇ ರುಚಿ. ಇನ್ನು ಹೆಸರಿನಲ್ಲೇ ಸುಳಿವಿದೆ: ಮಲಾಯಿ, ರೇಶ್ಮಿ, ಶಾಹಿ ಅಂದರೆ ಸಪ್ಪೆ ಮತ್ತು ಮೆತ್ತಗೆ. ಅಚಾರಿ, ಕಡಾಯಿ, ಕೊಲ್ಹಾಪುರಿ ಅಂದರೆ ಖಾರದ ಕಡೆ.

ಸ್ಟಾರ್ಟರ್, ಅಂದರೆ ಕಬಾಬ್‌ಗಳು. ಇಂಥ ಜಾಗಕ್ಕೆ ಹೋದಾಗ ದುಡ್ಡು ಖರ್ಚು ಮಾಡಬೇಕಾದದ್ದು ಇಲ್ಲೇ. ಗ್ರೇವಿ ಮನೆಯಲ್ಲಿ ಒಂದು ಮಟ್ಟಕ್ಕೆ ಬರುತ್ತದೆ. ಕೆಂಡದ ತಂದೂರ್ ಒಲೆ ಮನೆಯಲ್ಲಿ ಎಲ್ಲಿದೆ? ಒಂದು ಪ್ಲೇಟ್‌ಗೆ ಎಷ್ಟು ಪೀಸ್ ಅಂತ ಕೇಳದೇ ಹೇಳಬೇಡಿ. ಆರು ಪೀಸ್ ಬಂದು, ಏಳು ಜನ ಇದ್ದರೆ ‘ನೀವು ತಗೊಳ್ಳಿ, ನೀವು ತಗೊಳ್ಳಿ’ ಅನ್ನುತ್ತಲೇ ಎಲ್ಲ ಆರಿಹೋಗುತ್ತದೆ. ಒಂದೆರಡು ಪೀಸ್ ಜಾಸ್ತಿ ಹಾಕಿ, ಅದಕ್ಕೆ ತಕ್ಕ ಹಾಗೆ ಬಿಲ್ ಮಾಡಿ ಅಂದರೆ ಎಷ್ಟೋ ಕಡೆ ಮಾಡಿಕೊಡುತ್ತಾರೆ. ಮೆನುವಿನಲ್ಲಿ ಮಾತ್ರ ಬರೆದಿರುವುದಿಲ್ಲ.

ಮಾಂಸ ತಿನ್ನುವವರು ಗಲೌಟಿ ಕಬಾಬ್ ಇದ್ದರೆ ಒಂದು ಸಲ ನೋಡಿ. ಲಖನೌ ಕಡೆಯದು. ಕೈಮಾವನ್ನು ಹಸಿ ಪಪ್ಪಾಯಿ ಹಾಕಿ ಅರೆದು, ಬಿಲ್ಲೆ ತಟ್ಟಿ, ಕಾವಲಿಯ ಮೇಲೆ ಬೇಯಿಸಿರುತ್ತಾರೆ. ಪಪ್ಪಾಯಿ ಮಾಂಸವನ್ನು ಮೆದು ಮಾಡುತ್ತದೆ. ಮೇಲೆ ತೆಳ್ಳಗೆ ಕಂದು ಪದರ, ಬೆರಳಲ್ಲಿ ಒತ್ತಿದರೆ ಒಳಗೆ ಬೆಣ್ಣೆ. ಹಲ್ಲಿಲ್ಲದ ತಾತನಿಗೂ ಆಗುತ್ತದೆ. ಫೋರ್ಕಿನಿಂದ ಎತ್ತಲು ಹೋದರೆ ಪುಡಿಯಾಗುತ್ತದೆ, ಜೊತೆಗೆ ಬರುವ ಪುಟ್ಟ ಪರಾಠದಲ್ಲಿ ಒತ್ತಿ ತಿನ್ನಬೇಕು.

ಮಂಡ್ಯದ ಕಡೆಯವರು ಕೇಳೇ ಕೇಳುವ ಪ್ರಶ್ನೆ: ಮಟನ್ ಅಂದರೆ ಕುರಿಯೋ ಮೇಕೆಯೋ? ಕೇಳಿ, ತಪ್ಪೇನಿಲ್ಲ. ಉತ್ತರದ ಅಡುಗೆಯಲ್ಲಿ ಮಟನ್ ಅಂದರೆ ಹೆಚ್ಚಾಗಿ ಮೇಕೆಯೇ. ಬನ್ನೂರು ಕುರಿ ತಿಂದು ಬೆಳೆದವರಿಗೆ ಕೊಬ್ಬು ಕಮ್ಮಿ ಅನಿಸಬಹುದು. ಹಾಗೆಯೇ ಪಲಾವ್ ರುಚಿಗೆ ಒಗ್ಗಿದವರಿಗೆ ದಮ್ ಬಿರಿಯಾನಿ ಮೊದಲಿಗೆ ಸಪ್ಪೆ. ಅದರ ಮಸಾಲೆ ತಳದಲ್ಲಿ ಇರುತ್ತದೆ. ಬಡಿಸುವವರಿಗೆ ‘ತಳದಿಂದ ಎತ್ತಿ ಹಾಕಿ’ ಅನ್ನಿ. ಒಂದು ಹಂಡಿ ಎಷ್ಟು ಜನಕ್ಕೆ ಆಗುತ್ತೆ ಅಂತಲೂ ಕೇಳಿ. ಕಬಾಬ್, ರೊಟ್ಟಿ ಆದಮೇಲೆ ಅನ್ನ ಯಾರಿಗೂ ಜಾಸ್ತಿ ಸೇರಲ್ಲ, ನಾಲ್ಕು ಜನಕ್ಕೆ ಒಂದು ಹಂಡಿ ಸಾಕು.

ಮಸಾಲೆ ದೋಸೆ, ಇಡ್ಲಿ ಕೂಡ ಮೆನುವಿನಲ್ಲಿರುತ್ತದೆ. ಬೇಡ. ಮೈಸೂರಿನಲ್ಲಿದ್ದುಕೊಂಡು ಸ್ಟಾರ್ ಹೋಟೆಲಿನಲ್ಲಿ ದೋಸೆ ತಿನ್ನುವುದು ದಂಡ. ಆದರೆ ಕೊಡಗಿನ ಪಂದಿ ಕರಿ (ಹಂದಿ ಮಾಂಸದ್ದು), ಅಕ್ಕಿಯ ಉಂಡೆ ಕಡಂಬುಟ್ಟು, ನಾಟಿ ಕೋಳಿ ಅಂತ ನಮ್ಮ ಸೀಮೆಯ ಪುಟವೊಂದು ಇದ್ದರೆ ಅದರಿಂದ ಒಂದನ್ನು ಹೇಳಿ. ಬೇರೆ ಊರಿಂದ ಬಂದ ನೆಂಟರು ಜೊತೆಗಿದ್ದರೆ ಅದೇ ಮೊದಲು ಖಾಲಿಯಾಗುವುದು.

‘ಮಾರ್ಕೆಟ್ ಪ್ರೈಸ್’ ಅಥವಾ ರೇಟಿನ ಜಾಗದಲ್ಲಿ ಬರೀ ಗೆರೆ ಇದ್ದರೆ, ಮೀನು, ಸಿಗಡಿಗೆ ಹೀಗಿರುತ್ತದೆ, ಇವತ್ತಿನ ರೇಟು ಕೇಳಿಯೇ ಹೇಳಿ. ಕ್ಯಾಪ್ಟನ್ ಬಾಯಲ್ಲಿ ಹೇಳುವ ‘ಇವತ್ತಿನ ಸ್ಪೆಷಲ್’ಗೂ ಇದೇ ಮಾತು.

ಒಂದೇ ಸಲ ಎಲ್ಲ ಹೇಳಬೇಡಿ

ಮೊದಲ ಸುತ್ತಿನಲ್ಲಿ ಸ್ಟಾರ್ಟರ್ ಮಾತ್ರ. ಅದು ಅರ್ಧ ಮುಗಿದಾಗ ಊಟದ ಆರ್ಡರ್. ಇಲ್ಲದಿದ್ದರೆ ಅಡುಗೆಮನೆಯಿಂದ ಎಲ್ಲ ಒಟ್ಟಿಗೆ ಬಂದು, ಟೇಬಲ್ ಮೇಲೆ ಜಾಗ ಸಾಲದೆ, ಗ್ರೇವಿ ಕೆನೆ ಕಟ್ಟುತ್ತದೆ.

ರೊಟ್ಟಿಗಂತೂ ಇದು ಕಡ್ಡಾಯ. ನಾನ್ ತಂದೂರ್‌ನ ಗೋಡೆಗೆ ಅಂಟಿ ಒಂದೆರಡು ನಿಮಿಷದಲ್ಲಿ ಬೇಯುತ್ತದೆ. ಬುಟ್ಟಿಯಲ್ಲಿ ಐದು ನಿಮಿಷ ಕೂತರೆ ಚರ್ಮ. ಎಂಟು ಜನ ಇದ್ದರೆ ಮೊದಲು ನಾಲ್ಕು ಹೇಳಿ, ನಾಲ್ಕು ತುಂಡು ಮಾಡಿ ತನ್ನಿ ಅನ್ನಿ, ತಿನ್ನುತ್ತಿರುವಾಗಲೇ ಮುಂದಿನ ನಾಲ್ಕು ಹೇಳಿ. ಬಿಸಿ ನಾನ್ ಹರಿದಾಗ ಒಳಗಿನಿಂದ ಹಬೆ ಬರಬೇಕು. ಹೊಟ್ಟೆ ಭಾರ ಬೇಡದವರಿಗೆ ಗೋಧಿಯ ತಂದೂರಿ ರೊಟ್ಟಿ. ನಾನ್, ಕುಲ್ಚಾ ಮೈದಾದ್ದು.

ಪಥ್ಯ, ವ್ರತ, ಅಲರ್ಜಿ

ಅಪ್ಪಟ ಸಸ್ಯಾಹಾರಿಗಳು ಜೊತೆಗಿದ್ದರೆ ಪನೀರ್ ಹೇಳಿಬಿಟ್ಟರೆ ಆಗಲಿಲ್ಲ. ಮೂರು ಪ್ರಶ್ನೆ ಇದೆ. ನಾನ್ ಹಿಟ್ಟಿಗೆ ಮೊಟ್ಟೆ ಹಾಕುತ್ತೀರಾ? ಕೆಲವು ಕಡೆ ಹಾಕುತ್ತಾರೆ. ಪನೀರ್ ಟಿಕ್ಕಾ ಮತ್ತು ಕೋಳಿ ಒಂದೇ ತಂದೂರ್‌ನಲ್ಲಿ ಸುಡುತ್ತೀರಾ? ಸಿಹಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವ ಜೆಲಟಿನ್ ಇದೆಯಾ? ಇದೆಲ್ಲ ಪರವಾಗಿಲ್ಲ ಅನ್ನುವವರು ಬಿಡಿ. ಆದರೆ ಅಜ್ಜಿಗೆ ಇದು ಆಗಲ್ಲ ಅಂದರೆ ತಿಂದಮೇಲೆ ಗೊತ್ತಾಗುವುದು ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೇಡದವರು ‘ಜೈನ್ ಮಾಡಿಕೊಡಿ’ ಅಂದರೆ ಅಡುಗೆಮನೆಗೆ ತಕ್ಷಣ ಅರ್ಥವಾಗುತ್ತದೆ. ಮೊದಲೇ ಫೋನಿನಲ್ಲಿ ಹೇಳಿದ್ದರೆ ಇನ್ನೂ ಒಳ್ಳೆಯದು, ಯಾಕೆಂದರೆ ಗ್ರೇವಿಯ ಬುಡ ಬೆಳಗ್ಗೆಯೇ ತಯಾರಾಗಿರುತ್ತದೆ, ಅದರಿಂದ ಈರುಳ್ಳಿ ಹೆಕ್ಕಿ ತೆಗೆಯಲು ಆಗಲ್ಲ.

ಗೋಡಂಬಿ, ಬಾದಾಮಿ ಆಗದವರು ಜೋಪಾನ. ಬಿಳಿ ಗ್ರೇವಿಯಲ್ಲಿ ಗೋಡಂಬಿ ಕಣ್ಣಿಗೆ ಕಾಣುವುದೇ ಇಲ್ಲ, ಅರೆದಿರುತ್ತಾರೆ. ಕೆಂಪು ಗ್ರೇವಿಗೂ ಹಾಕುತ್ತಾರೆ, ಹುಳಿ ತಗ್ಗಿಸಲು ಸಕ್ಕರೆಯನ್ನೋ ಜೇನುತುಪ್ಪವನ್ನೋ ಸೇರಿಸುತ್ತಾರೆ. ಶುಗರ್ ಇರುವ ಮಾವನಿಗೆ ಕಬಾಬ್, ತಂದೂರಿ ರೊಟ್ಟಿ, ತಡ್ಕಾ ದಾಲ್ ಸರಿಹೋಗುತ್ತದೆ.

ಕೈಯಲ್ಲಿ ತಿನ್ನಬಹುದಾ?

ತಿನ್ನಿ. ರೊಟ್ಟಿಯನ್ನು ಫೋರ್ಕು ಚಾಕುವಿನಲ್ಲಿ ಕೊಯ್ಯುವುದೇ ನೋಡಲು ವಿಚಿತ್ರ. ಅನ್ನ ಕಲಸಿ ತಿನ್ನುವುದಕ್ಕೂ ಯಾರೂ ಏನೂ ಅನ್ನಲ್ಲ, ಭಾರತದ ಊಟ ತಾನೇ ಅದು. ಬಡಿಸುವ ಚಮಚವನ್ನು ಎಂಜಲು ಕೈಯಲ್ಲಿ ಮುಟ್ಟದಿದ್ದರೆ ಆಯಿತು. ಮೂಳೆ ಹಾಕಲು ಬೇರೆ ತಟ್ಟೆ ಕೇಳಿ. ಅವರು ಬಡಿಸುವಾಗ ಸಾಕು ಅನಿಸಿದರೆ ಬಾಳೆಲೆ ಮೇಲೆ ಮಾಡುವ ಹಾಗೆ ತಟ್ಟೆಗೆ ಕೈ ಅಡ್ಡ ಹಿಡಿಯುವುದು ಬೇಡ, ‘ಸಾಕು’ ಅಂದರೆ ನಿಲ್ಲಿಸುತ್ತಾರೆ. ‘ನಾವೇ ಬಡಿಸ್ಕೋತೀವಿ, ಇಟ್ಟುಬಿಡಿ’ ಅಂದರೂ ಸರಿ.

ಊಟದ ಕೊನೆಗೆ ಬೆಚ್ಚಗಿನ ನೀರಿನಲ್ಲಿ ನಿಂಬೆ ಹೋಳು ಹಾಕಿದ ಬಟ್ಟಲು ಬರುತ್ತದೆ. ಬೆರಳ ತುದಿ ಅದ್ದಿ, ನಿಂಬೆ ಉಜ್ಜಿ, ನ್ಯಾಪ್‌ಕಿನ್‌ಗೆ ಒರೆಸಿಕೊಳ್ಳುವುದು. ಮೊಣಕೈವರೆಗೆ ಸಾರು ಇಳಿದಿದ್ದರೆ ಸುಮ್ನೆ ಎದ್ದು ವಾಶ್‌ಬೇಸಿನ್‌ಗೆ ಹೋಗಿ.

ಸರಿ ಇಲ್ಲದಿದ್ದರೆ

ಉಪ್ಪು ಜಾಸ್ತಿ, ಕೋಳಿ ಒಳಗೆ ಬೆಂದಿಲ್ಲ, ಹೇಳಿದ್ದೇ ಬೇರೆ ಬಂದದ್ದೇ ಬೇರೆ. ಎರಡನೇ ತುತ್ತಿಗೇ ಹೇಳಿ. ಮುಕ್ಕಾಲು ಬಟ್ಟಲು ಖಾಲಿ ಮಾಡಿ ಬಿಲ್ ಬಂದಾಗ ‘ಚೆನ್ನಾಗಿರಲಿಲ್ಲ’ ಅಂದರೆ ಅವರಿಗೂ ಏನೂ ಮಾಡಲು ಆಗಲ್ಲ. ವೇಟರ್ ಹತ್ತಿರ ಬೇಡ, ಪಾಪ ಅವನ ಕೈಯಲ್ಲಿ ಏನೂ ಇಲ್ಲ. ಕ್ಯಾಪ್ಟನ್ ಕರೆಯಿರಿ. ಧ್ವನಿ ಏರಿಸದೆ, ‘ಇದನ್ನ ಸ್ವಲ್ಪ ನೋಡ್ತೀರಾ? ಒಳಗೆ ಬೆಂದಿಲ್ಲ’ ಅಂದರೆ ಬದಲಿಸಿ ಕೊಡುತ್ತಾರೆ. ಅದು ಬಿಲ್ಲಿನಲ್ಲಿ ಎರಡು ಸಲ ಬಂದಿಲ್ಲವಾ ಅಂತ ಕೊನೆಗೆ ನೋಡಿ.

ಉಳಿದದ್ದನ್ನು ಪಾರ್ಸಲ್ ಕಟ್ಟಿಸಿಕೊಳ್ಳಲು ನಾಚಿಕೆ ಯಾಕೆ? ದುಡ್ಡು ಕೊಟ್ಟಿದ್ದೀರಿ. ದಾಲ್, ಬಿರಿಯಾನಿ ಮಾರನೇ ದಿನ ಇನ್ನೂ ಚೆನ್ನ. ಬಫೆಯದ್ದನ್ನು ಮಾತ್ರ ಕಟ್ಟಿಕೊಡಲ್ಲ.

ಸಿಹಿಗೆ ಕುಲ್ಫಿ, ಫಿರ್ನಿ ಇದ್ದರೆ ಹೇಳಿ, ಇಬ್ಬರಿಗೆ ಒಂದು. ಮೈಸೂರು ಪಾಕ್‌ಗೆ ಇಲ್ಲಿ ದುಡ್ಡು ಕೊಡಬೇಡಿ. ಅರಮನೆ ಅಡುಗೆಮನೆಯ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ ಸಯ್ಯಾಜಿರಾವ್ ರಸ್ತೆಯಲ್ಲೇ ಇದೆ.

ಬಿಲ್ ಓದುವುದು

ಕಪ್ಪು ಚರ್ಮದ ಫೋಲ್ಡರ್‌ನಲ್ಲಿ ಬಿಲ್ ಬರುತ್ತದೆ. ಮನೆಯ ಹಿರಿಯರು ಅದನ್ನು ನೋಡದೆ ಕಾರ್ಡ್ ಇಟ್ಟುಬಿಡುವುದು ಒಂದು ಗತ್ತು. ಆ ಗತ್ತು ಬೇಡ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ.

ಮೊದಲು ಐಟಂಗಳು, ಎಷ್ಟು ಪ್ಲೇಟ್ ಅಂತ. ನಾನ್ ಲೆಕ್ಕ, ನೀರಿನ ಬಾಟಲಿ ಲೆಕ್ಕ ತಪ್ಪುವುದು ಜಾಸ್ತಿ. ಆಮೇಲೆ ಜಿಎಸ್‌ಟಿ. ಸಾಮಾನ್ಯ ರೆಸ್ಟೋರೆಂಟಿನಲ್ಲಿ 5%, ಅಂದರೆ ಕೇಂದ್ರದ್ದು 2.5%, ರಾಜ್ಯದ್ದು 2.5%, ಎರಡು ಸಾಲಾಗಿ ಬರೆದಿರುತ್ತಾರೆ. ದುಬಾರಿ ರೂಮುಗಳಿರುವ ಹೋಟೆಲಿನ ಒಳಗಿನ ರೆಸ್ಟೋರೆಂಟಾದರೆ 18%. 2025ರ ಏಪ್ರಿಲ್ 1ರಿಂದ ಇರುವ ನಿಯಮದ ಪ್ರಕಾರ, ಹಿಂದಿನ ಆರ್ಥಿಕ ವರ್ಷದಲ್ಲಿ ಒಂದು ರೂಮನ್ನಾದರೂ ದಿನಕ್ಕೆ 7,500 ರೂಪಾಯಿಗಿಂತ ಜಾಸ್ತಿಗೆ ಕೊಟ್ಟಿದ್ದ ಹೋಟೆಲುಗಳು ಈ 18%ರ ಪಟ್ಟಿಗೆ ಬರುತ್ತವೆ. ತಾವಾಗೇ ಅದನ್ನು ಆರಿಸಿಕೊಂಡವೂ ಇರುತ್ತವೆ. ನೀವು ರೂಮ್ ಹಿಡಿದಿರಲಿ ಬಿಡಲಿ, ಬರೀ ಊಟಕ್ಕೂ ಅದೇ. 4,000 ರೂಪಾಯಿಯ ಊಟಕ್ಕೆ ಒಂದು ಕಡೆ 200 ಟ್ಯಾಕ್ಸ್, ಇನ್ನೊಂದು ಕಡೆ 720. ಇದು ಮೋಸ ಅಲ್ಲ, ಕಾನೂನೇ ಹಾಗಿದೆ. ಆದ್ದರಿಂದ ಟೇಬಲ್ ಬುಕ್ ಮಾಡುವಾಗಲೇ ‘ನಿಮ್ಮಲ್ಲಿ ಟ್ಯಾಕ್ಸ್ ಐದಾ ಹದಿನೆಂಟಾ?’ ಅಂತ ಕೇಳಿಟ್ಟುಕೊಳ್ಳಿ. ಮದ್ಯ ತೆಗೆದುಕೊಂಡಿದ್ದರೆ ಅದಕ್ಕೆ ಜಿಎಸ್‌ಟಿ ಬರಲ್ಲ. ಊಟ, ಮದ್ಯ ಎರಡೂ ಒಂದೇ ಮೊತ್ತದಲ್ಲಿ ಸೇರಿ ಜಿಎಸ್‌ಟಿ ಬಿದ್ದಿದ್ದರೆ ಕೇಳಿ.

ಇನ್ನು ಸರ್ವಿಸ್ ಚಾರ್ಜ್, ಅಂದರೆ ಬಡಿಸಿದ್ದಕ್ಕೆ ಅಂತ ಹೋಟೆಲಿನವರೇ ಬಿಲ್ಲಿಗೆ ಸೇರಿಸುವ ದುಡ್ಡು. ಇದು ಟ್ಯಾಕ್ಸ್ ಅಲ್ಲ, ಸರ್ಕಾರಕ್ಕೆ ಹೋಗುವ ದುಡ್ಡೂ ಅಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿ, ಬಿಲ್ಲಿಗೆ ಇದನ್ನು ತಾವಾಗೇ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ ಅಂತ ಹೇಳಿತು. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಅಂದರೆ ಕೊಡುವುದು ಬಿಡುವುದು ನಿಮ್ಮ ಇಷ್ಟ. 4,000ದ ಬಿಲ್ಲಿಗೆ 10% ಸೇರಿಸಿದರೆ 4,400, ಅದರ ಮೇಲೆ 5% ಟ್ಯಾಕ್ಸ್ ಅಂದರೆ 4,620. ಸರ್ವಿಸ್ ಚಾರ್ಜ್ ಇಲ್ಲದಿದ್ದರೆ 4,200. ‘ಇದನ್ನ ತೆಗೆದು ಬೇರೆ ಬಿಲ್ ಕೊಡಿ’ ಅಂದರೆ ಬಹಳಷ್ಟು ಕಡೆ ಮರುಮಾತಿಲ್ಲದೆ ತೆಗೆಯುತ್ತಾರೆ. ಆಗಲ್ಲ ಅಂದರೆ ಬಿಲ್ಲಿನ ಫೋಟೋ ತೆಗೆದುಕೊಂಡು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಿಲ್ಲಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರಬೇಕು. ಊಟದಿಂದ ಹೊಟ್ಟೆ ಕೆಟ್ಟು ದೂರು ಕೊಡುವುದಾದರೆ ಆ ನಂಬರ್ ಬೇಕಾಗುತ್ತದೆ.

ಟಿಪ್ಸ್? ಸರ್ವಿಸ್ ಚಾರ್ಜ್ ತೆಗೆಸಿದ್ದೀರಿ ಅಂತ ಟಿಪ್ಸ್ ಕೊಡದೆ ಎದ್ದು ಬರಬೇಡಿ. ಚೆನ್ನಾಗಿ ನೋಡಿಕೊಂಡಿದ್ದರೆ ಬಿಲ್ಲಿನ ಐದರಿಂದ ಹತ್ತು ಪರ್ಸೆಂಟ್ ನನ್ನ ಲೆಕ್ಕ. ಕಾರ್ಡ್, ಫೋನ್‌ಪೇಯಲ್ಲಿ ಬೇಡ, ನೋಟನ್ನು ಬಡಿಸಿದವರ ಕೈಗೇ ಕೊಡಿ. ಇದಕ್ಕೆ ಅಂತ ಮನೆಯಿಂದಲೇ ನೂರರ ನೋಟು ಇಟ್ಟುಕೊಂಡು ಹೋಗಬೇಕು.

ಹೊರಡುವಾಗ

ಹೋಟೆಲಿನವರೇ ಕಾರು ನಿಲ್ಲಿಸಿ ತಂದುಕೊಡುವ ವ್ಯಾಲೆ ಪಾರ್ಕಿಂಗ್‌ಗೆ ಕೊಟ್ಟ ಚೀಟಿ ಊಟ ಮುಗಿಯುವ ಮೊದಲೇ ಕಳಿಸಿದರೆ ಕಾರು ಬಾಗಿಲಿಗೆ ಬಂದಿರುತ್ತದೆ. ಮಂಡ್ಯಕ್ಕೆ ವಾಪಸ್ ಹೋಗುವವರು 45 ಕಿಲೋಮೀಟರ್ ಓಡಿಸಬೇಕು. ಯಾರು ಓಡಿಸುವುದು ಅನ್ನುವುದು ಮೊದಲ ಗ್ಲಾಸಿಗೆ ಮುಂಚೆಯೇ ತೀರ್ಮಾನವಾಗಲಿ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯದ ಅಂಶ ದಾಟಿದರೆ ಕೇಸು. ಬೈಕಿನಲ್ಲಿ ಬಂದಿರುವ ಹುಡುಗರು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಹತ್ತುವಂತಿಲ್ಲ, 2023ರ ಆಗಸ್ಟ್‌ನಿಂದ ಅಲ್ಲಿ ದ್ವಿಚಕ್ರಕ್ಕೆ ನಿಷೇಧ. ಸರ್ವಿಸ್ ರಸ್ತೆಯಲ್ಲೇ ಶ್ರೀರಂಗಪಟ್ಟಣದ ಮೇಲೆ ಹೋಗಬೇಕು, ರಾತ್ರಿ ಹೊತ್ತು ಹಂಪ್ ಜಾಸ್ತಿ. ಹತ್ತು ಗಂಟೆಗೆ ಮುಂಚೆ ಹೊರಟುಬಿಡಲಿ.